ಭೂತಕ್ಕೊಂದು ಚಾವಣಿ

ಒದ್ದೆ ಮರದ ಹೊಟ್ಟಿನ ವಾಸನೆ ಬಂದರೆ ಅಜ್ಜಿಗೆ ಇಂದಿಗೂ ಅಪ್ಪನ ಬಡಗಿ ಅಂಗಡಿ ನೆನಪಾಗುತ್ತದೆ. ಮಳೆ ಬಂದರೆ ಅಪ್ಪ ಬೀದಿನಾಯಿಗಳನ್ನೂ ಒಳಗೆ ಕರೆಯುತ್ತಿದ್ದರು. ಆ ಗುಣ ಇವರಿಗೂ ಬಂದಿತ್ತು.

ಮೊಮ್ಮಗಳು ಕಂಪ್ಯೂಟರ್ ಗೇಮಿನಲ್ಲಿ ಒಂದು ಮನೆ ಕಟ್ಟಿದ್ದಳು. ಸಂಜೆ ಗೆಳತಿ ಅದನ್ನು ನೋಡಲು ಬರುವಷ್ಟರಲ್ಲಿ ಗೋಡೆಗೊಂದು ತಲೆಬುರುಡೆ ಸಿಗಬೇಕಿತ್ತು. ಅದೇನು ಸುಮ್ಮನೆ ಸಿಗುವ ವಸ್ತುವಲ್ಲ. ಬೇಲಿಯೊಳಗೆ ಕೂಡಿಹಾಕಿದ ಹಸಿರು ಭೂತಕ್ಕೆ ಸಿಡಿಲು ಬಡಿದು, ಅದು ಸಿಡಿದು ಪಕ್ಕದ ಅಸ್ಥಿಪಂಜರವನ್ನು ಕೊಂದರೆ ಮಾತ್ರ ಬುರುಡೆ ಬೀಳುತ್ತದೆ.

"ಅಜ್ಜಿ, ಸ್ವಲ್ಪ ಭೂತ ನೋಡ್ಕೋ" ಎಂದು ಅವಳು ಸ್ನಾನಕ್ಕೆ ಹೋದಳು. ಬಂದು ನೋಡಿದರೆ, ಪರದೆಯೊಳಗೆ ಸುರಿಯುವ ಮಳೆಯಲ್ಲಿ ಭೂತ ಹಲಗೆಯ ಚಾವಣಿಯ ಕೆಳಗೆ ಹಾಯಾಗಿ ನಿಂತಿದೆ!

"ಅಯ್ಯೋ ಅಜ್ಜಿ, ಏನಿದು?"

"ಪಾಪ, ತೊಯ್ದು ತೊಪ್ಪೆಯಾಗಿತ್ತು ಕಣೇ."

"ಸಿಡಿಲು ಬಡೀಲಿ ಅಂತಾನೇ ನಿಲ್ಸಿದ್ದು! ನೀನು ಅದಕ್ಕೆ ಮನೆ ಕಟ್ಟಿಕೊಟ್ಟಿದ್ದೀಯಲ್ಲ!"

"ಕಿಟಕಿ ಇಡೋದೊಂದು ಬಾಕಿ ಇತ್ತು."

ಮೊಮ್ಮಗಳು ಮುಖ ಊದಿಸಿಕೊಂಡು ಹೊರಟೇಹೋದಳು. ಅಜ್ಜಿ ಚಾವಣಿ ಕಿತ್ತರು, ಆದರೆ ಅಷ್ಟರಲ್ಲಿ ಮಳೆಯೂ ನಿಂತಿತ್ತು. ಮುಂದಿನ ಮಳೆಗೆ ಕಾಯುತ್ತ ಅವರು ಊಟಕ್ಕೂ ಏಳಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಪರದೆಯೊಳಗೆ ಗುಡುಗಿತು.

"ಬೇಜಾರು ಮಾಡ್ಕೋಬೇಡಪ್ಪ" ಎಂದು ಭೂತಕ್ಕೆ ಹೇಳಿ ಅಜ್ಜಿ ಕಣ್ಣು ಮುಚ್ಚಿಕೊಂಡರು. ಢಮಾರ್!

ಸದ್ದಿಗೆ ಓಡಿಬಂದ ಮೊಮ್ಮಗಳು ಹುಲ್ಲಿನ ಮೇಲೆ ಬಿದ್ದಿದ್ದ ಬುರುಡೆಯನ್ನು ನೋಡಿದಳು. ಇನ್ನೂ ಕಣ್ಣು ಬಿಡದೆ ಕೂತಿದ್ದ ಅಜ್ಜಿಯನ್ನೂ ನೋಡಿದಳು. ಅಡುಗೆಮನೆಗೆ ಹೋಗಿ, ತಟ್ಟೆ ತುಂಬ ಬಡಿಸಿ ತಂದು ಅವರ ಕೈಗಿಟ್ಟಳು.