ಫಲ್ಗುಣಿಗೆ ಬಿಟ್ಟ ಏಡಿ

ಒಂದು ಕಾಲು, ಆಮೇಲೆ ಇನ್ನೊಂದು, ಪರದೆಯ ತುಂಬ ಏಡಿಯ ಕಾಲುಗಳು ಮನೆಗಳ ಮೇಲೆ ಇಳಿಯುತ್ತಿವೆ, ಬಂಟ್ವಾಳದ ಟಾಕೀಸಿನಲ್ಲಿ ಮ್ಯಾಟಿನಿಗೆ ಬಂದ ಜನ ಹೋ ಎನ್ನುತ್ತಾರೆ, ಪಕ್ಕದಲ್ಲಿ ಕಾಂತಿ, ನಾನು ಕಟ್ಟಿಕೊಂಡ ಹೆಂಡತಿ, ನನ್ನ ತೋಳು ಹಿಡಿದು, ನೀವು ಮಾಡಿದ ಏಡಿ ಅಲ್ವಾ ಇದು, ಎಷ್ಟು ದೊಡ್ಡ ಕಾಣ್ತದೆ — ಹೌದು, ನನ್ನದೇ, ಆದರೆ ನಾನು ಕಟ್ಟಿದ ದೊಡ್ಡ ಏಡಿ ಮೂರು ವರ್ಷದಿಂದ ವೇಣೂರಿನ ಗದ್ದೆಬದಿಯಲ್ಲಿ ಗೆದ್ದಲು ಹಿಡಿದು ಬಿದ್ದಿದೆ, ಇದು ಅದಲ್ಲ, ಎಡಗೈಯ ಇಕ್ಕಳ ಸ್ವಲ್ಪ ಓರೆ, ಇದು ಗೇಣುದ್ದದ ಮಾದರಿ, ಕೆಳಗಿರುವ ಮನೆಗಳು ಬೆಂಕಿಪೆಟ್ಟಿಗೆಯಷ್ಟು ಇದ್ದಾವು, ಆದರೆ ಅದು ಹೇಗೆ ಸಾಧ್ಯ, ಮಾದರಿಯನ್ನು ಫಲ್ಗುಣಿ ಹೊಳೆಗೆ ಬಿಟ್ಟಾಗಿತ್ತಲ್ಲ, ಕಮಲಾಕ್ಷನ ಕೈಯಲ್ಲೇ ಕೊಟ್ಟು ಕಳಿಸಿದ್ದೆನಲ್ಲ.

ಎಪ್ಪತ್ತೆಂಟರಲ್ಲಿ ಮದರಾಸಿನ ಸಿನಿಮಾ ಕಂಪನಿಯವರನ್ನು ನನ್ನ ಅಂಗಳಕ್ಕೆ ಕರೆತಂದವನೇ ಅವನು, ಮೂಡಬಿದಿರೆಯ ಮೆರವಣಿಗೆಗಳಿಗೆ ಹತ್ತು ವರ್ಷ ನನ್ನ ಜೊತೆ ಬಿದಿರಿನ ಆನೆ ಕಟ್ಟಿದವನು, ಒಂದೇ ಬಟ್ಟಲಲ್ಲಿ ಗಂಜಿ ಕುಡಿದವನು, ದೊಡ್ಡ ಏಡಿ ಬೇಕಂತೆ ಶೀನಪ್ಪ, ನಾವು ಮಾಡುವ ಮಾರಾಯ, ಮಾಡುವ. ಮೊದಲು ಗೇಣುದ್ದದ್ದು ಮಾಡಿದೆ, ಬೆರಳಗಲಕ್ಕೆ ಒಂದು ಮೊಳದ ಲೆಕ್ಕದಲ್ಲಿ ಅದನ್ನೇ ಹನ್ನೆರಡು ಮೊಳಕ್ಕೆ ಬೆಳೆಸಿದೆ, ಬಿದಿರು, ಬೆತ್ತ, ಅಡಿಕೆ ಹಾಳೆಯ ಚಿಪ್ಪು, ಬೆಳೆಸಿದರೆ ಭಾರ ಹೇಳಿದ ಹಾಗೆ ಕೇಳುವುದಿಲ್ಲ, ಸಣ್ಣದರ ಕಾಲು ದೊಡ್ಡದನ್ನು ಹೊರುವುದಿಲ್ಲ, ಅದಕ್ಕೇ ಕಾಲುಗಳನ್ನು ದಪ್ಪ ಮಾಡಿದೆ. ನಾಲ್ಕು ತಿಂಗಳು. ದೊಡ್ಡದು ಎದ್ದು ನಿಂತ ದಿನ ಸಣ್ಣದನ್ನು ಫಲ್ಗುಣಿಗೆ ಬಿಡಬೇಕು, ಅದು ಉಳಿದರೆ ದೊಡ್ಡದಕ್ಕೆ ಏಳಿಗೆಯಿಲ್ಲ, ಇದು ಅಪ್ಪನ ಕಾಲದ ಕಟ್ಟಳೆ, ನನಗೆ ಅಂದು ಜ್ವರ, ಕಮಲಾಕ್ಷ ಹೋದ, ಒದ್ದೆ ಪಂಚೆಯಲ್ಲಿ ಬಂದ, ಬಿಟ್ಟೆ ಮಾರಾಯ, ಕೈಮುಗಿದು ಬಿಟ್ಟೆ. ಮರುವಾರ ಕಂಪನಿಯವರು, ನಿಮ್ಮದು ನಡೆಯುವುದಿಲ್ಲ, ಬೇಡ ಎಂದು ಹೊರಟರು, ನಾನು ಮದರಾಸಿಗೆ ಹೋಗಿ ಮಾತಾಡ್ತೇನೆ, ನಿನ್ನ ಹೆಸರು ಹಾಕಿಸ್ತೇನೆ ಎಂದು ಕಮಲಾಕ್ಷನೂ ಅವರ ವ್ಯಾನು ಹತ್ತಿದ, ಒಂದು ಕಾಗದವಿಲ್ಲ, ಕಾಂತಿ ಅಂದೇ ಹೇಳಿದಳು, ಅವ ನಿಮಗೆ ಕೈ ಕೊಟ್ಟ, ನಾನು ಅವಳ ಮೇಲೆಯೇ ರೇಗಿದೆ, ಅವನ ಪರವಾಗಿ ಮೂರು ವರ್ಷ ಜಗಳ ಮಾಡಿದೆ, ಪಾಪ, ಅವನಿಗೂ ಅಲ್ಲಿ ಏನೋ ತೊಂದರೆ ಉಂಟು ಎಂದು, ಎಂಥ ಮೂರ್ಖ ನಾನು, ಬಹುಶಃ ಬೇರೆ ಯಾರೋ ಮಾದರಿಯನ್ನು ಹೊಳೆಯಿಂದ ಎತ್ತಿರಬಹುದು, ಯಾರೋ ಮೀನು ಹಿಡಿಯುವವರು, ಹಾಗೆಯೇ ಆಗಿರಲಿ — ಏಡಿ ಸೇತುವೆಯನ್ನು ಹಿಡಿದು ಎಳೆಯುತ್ತದೆ, ಜನ ಶಿಳ್ಳೆ ಹೊಡೆಯುತ್ತಾರೆ, ಪರದೆಯ ಕೆಳಮೂಲೆಯಲ್ಲಿ ಕತ್ತರಿಸಲು ಮರೆತ ಒಂದು ಚೂರು, ಒಂದು ಹೆಬ್ಬೆರಳು, ದಾರ ಎಳೆಯುತ್ತಿದೆ, ಉಗುರು ನಡುವೆ ಸೀಳಿದೆ, ಆನೆ ಕಟ್ಟುವಾಗ ನನ್ನ ಉಳಿ ತಾಗಿ ಕಮಲಾಕ್ಷನದು ಸೀಳಿದ್ದು, ನನ್ನ ಪಂಚೆ ಹರಿದು ನಾನೇ ಕಟ್ಟಿದ್ದು, ಯಾರೂ ನೋಡಲಿಲ್ಲ, ಕಾಂತಿಯೂ ನೋಡಲಿಲ್ಲ, ಎಂತ ಆಯ್ತು, ಯಾಕೆ ಬೆವರ್ತೀರಿ ಎನ್ನುತ್ತಾಳೆ, ಸೇತುವೆ ಬಿದ್ದಾಯಿತು, ಪೊಲೀಸರು ಬಂದರು, ಯಾರೋ ಹಾಡುತ್ತಿದ್ದಾರೆ, ನನಗೆ ಹೆಬ್ಬೆರಳು, ನಾಯಕಿ ಅಳುತ್ತಾಳೆ, ಹೆಬ್ಬೆರಳು, ನನ್ನ ಏಡಿಯ ಪಕ್ಕದಲ್ಲಿ ಅದರ ಕಾಲಿನಷ್ಟೇ ಉದ್ದದ ಸೀಳುಗುರಿನ ಹೆಬ್ಬೆರಳು, ದಾರ ಎಳೆಯುತ್ತಿದೆ.