ಪೂಜೆಯ ಹೊತ್ತಿನ ಫೋನು

ಈಗ ಹೇಳಿದರೆ ಏನಾದೀತು? ಕೆಲಸ ಹೋದೀತೆ? ಅದು ಸಾಹೇಬರಿಗೆ ಪಕ್ಷದ ಟಿಕೆಟ್ ತಪ್ಪಿದ ದಿನವೇ ಹೋಗಿತ್ತು. ಹೇಳದಿದ್ದರೆ ಮಾತ್ರ ಈ ವಾಕ್ಯ ನಾಳೆ ಅಚ್ಚಿಗೆ ಹೋಗುತ್ತದೆ. ಮಹಂತೇಶನ ಬೆರಳುಗಳು ಲ್ಯಾಪ್‌ಟಾಪಿನ ಮೇಲೆ ಸುಮ್ಮನೆ ನಿಂತಿದ್ದವು.

“ಏನಯ್ಯಾ, ನಿದ್ದೆ ಬಂತಾ? ಬರ್ಕೋ. ‘ನನ್ನ ಮಂತ್ರಿಗಿರಿ ಕಿತ್ಕೊಂಡವನು ನನ್ನ ತಟ್ಟೇಲೇ ಉಂಡ ರಘುನಂದನ್.’ ಹೆಸರು ಬಿಡಬೇಡ.”

ಕೆಂಪಣ್ಣ ತಾಲ್ಲೂಕು ಪಂಚಾಯಿತಿಯಿಂದ ಮೇಲೆ ಬಂದು ನಾಲ್ಕು ಸಲ ಸಂಸದರಾದವರು. ಆತ್ಮಕಥೆಯ ಕೊನೆಯ ಅಧ್ಯಾಯವನ್ನು ಆಪ್ತ ಸಹಾಯಕ ಮಹಂತೇಶನಿಗೆ ಹೇಳಿ ಬರೆಸುತ್ತಿದ್ದರು. ದೆಹಲಿಯ ಸರ್ಕಾರಿ ಬಂಗಲೆ ಖಾಲಿ ಮಾಡಿ ಗ್ರೇಟರ್ ನೋಯ್ಡಾದ ಮಗಳ ಫ್ಲ್ಯಾಟಿಗೆ ಹೊರಡುವ ದಿನ ಅದು. ಹಜಾರದಲ್ಲಿ ಅವರ ಹೆಂಡತಿ ಶಾರದಮ್ಮ ಪೆಟ್ಟಿಗೆ ಹೊರುವವರಿಗೆ ಕೂಗುತ್ತಿದ್ದರು: “ಭಯ್ಯಾ, ಆರಾಮ್ ಸೇ! ಅದ್ರಲ್ಲಿ ದೇವರಿದಾವೆ!”

ಹನ್ನೆರಡು ವರ್ಷದ ಹಿಂದೆ, ಮಂತ್ರಿಮಂಡಲ ವಿಸ್ತರಣೆಯ ಬೆಳಿಗ್ಗೆ, ಕೆಂಪಣ್ಣ ಪೂಜೆಗೆ ಕೂರುವ ಮುನ್ನ ನಕ್ಕಿದ್ದರು: “ಇವತ್ತೊಂದಿನ ಫೋನ್ ಒಳಗೇ ತಂದ್ಕೊಡು. ಅರ್ಧಕ್ಕೆ ಎದ್ರೆ ದೇವ್ರೇನೂ ಬೇಜಾರ್ ಮಾಡ್ಕೊಳಲ್ಲ.” ಮಹಂತೇಶ್ ಹೂಂ ಅಂದಿದ್ದ. ಆದರೆ ಪೂಜೆಯ ಗಂಟೆ ಕೇಳಿದೊಡನೆ ಸಾಹೇಬರ ಫೋನನ್ನು ಸೈಲೆಂಟಿಗೆ ಹಾಕಿ ಕಪಾಟಿನ ಮೇಲಿಡುವುದು ಅವನ ಕೈಗೆ ಎಂಟು ವರ್ಷದ ರೂಢಿ. ಅಂದೂ ಕೈ ಹಾಗೆಯೇ ಮಾಡಿತು. ಅಡುಗೆಮನೆಯಲ್ಲಿ ಕಾಫಿ ಕುಡಿದು ಬಂದಾಗ ಐದು ಮಿಸ್ಡ್ ಕಾಲ್ ಇದ್ದವು. ಎರಡು ಯಾವುದೋ ದೆಹಲಿ ನಂಬರಿನಿಂದ, ಮೂರು ಅದೇ ಪಕ್ಷದ ಸಂಸದ, ಸಾಹೇಬರ ಗೆಳೆಯ ರಘುನಂದನ್ ಅವರಿಂದ. ಆ ದೆಹಲಿ ನಂಬರಿಗೆ ತಿರುಗಿ ಮಾಡಿದಾಗ ಒಂದು ದನಿ, “ಅಬ್ ತೋ ಹೋ ಗಯಾ, ಜೀ”, ಆಗಿಹೋಯಿತು ಎಂದು ಇಟ್ಟುಬಿಟ್ಟಿತು. ಮಹಂತೇಶ್ ಐದನ್ನೂ ಅಳಿಸಿದ. ಸಂಜೆ ಟೀವಿಯಲ್ಲಿ ರಘುನಂದನ್ ಪ್ರಮಾಣವಚನ ಓದುತ್ತಿದ್ದರು.

ಗೇಟಿನ ಬಳಿ ಕಾರು ನಿಂತಿತು. ಕೆಂಪಣ್ಣ ಕಿಟಕಿಯಿಂದ ನೋಡಿ ಮುಖ ತಿರುಗಿಸಿದರು. “ಬಂದ ನೋಡು, ಬೀಳ್ಕೊಡೋಕೆ. ಇಲ್ಲ ಅಂತ ಹೇಳು ಹೋಗು. ನೀನೊಬ್ಬನೇ ಕಣಯ್ಯಾ ನಂಗೆ ಮೋಸ ಮಾಡ್ದೆ ಉಳಿದೋನು.”

ಜೂನಿನ ಬಿಸಿಲಿನಲ್ಲಿ ರಘುನಂದನ್ ರಸಪುರಿ ಮಾವಿನ ಬುಟ್ಟಿ ಹಿಡಿದು ನಿಂತಿದ್ದರು. ಅವರಿಗೂ ಈಗ ಅಧಿಕಾರವಿಲ್ಲ. ಬುಟ್ಟಿ ಹಿಡಿಯಲು ಜೊತೆಗೆ ಯಾರೂ ಇರಲಿಲ್ಲ.

“ಸಾಹೇಬ್ರು ಇಲ್ರಿ, ಸರ್.”

“ಕಿಟಕೀಲಿ ಕಂಡ್ನಲ್ಲೋ.” ಅವರು ನಗಲು ನೋಡಿದರು. “ಹೋಗ್ಲಿ. ಒಂದು ಕೇಳ್ತೀನಿ, ನಿಜ ಹೇಳು. ಅವತ್ತು ಪ್ರಧಾನಿ ಕಚೇರಿಯಿಂದ ‘ಕೆಂಪಣ್ಣ ಸಿಗ್ತಿಲ್ಲ, ನೀವು ಬನ್ನಿ’ ಅಂದ್ರು. ತಾಳಿ, ಕರೀತೀನಿ ಅಂತ ಅರ್ಧ ಗಂಟೆ ತಡೆದೆ. ಮೂರು ಸಲ ಫೋನ್ ಮಾಡ್ದೆ. ಆಮೇಲೆ ಅವನು ನನ್ನ ಮುಖಾನೇ ನೋಡ್ಲಿಲ್ಲ. ಆ ಫೋನ್ ವಿಷ್ಯ ಗೊತ್ತಾ ಅವನಿಗೆ?”

ಮಹಂತೇಶ್ ಕಿಟಕಿಯ ಕಡೆ ತಿರುಗಿ ನೋಡಿದ. ಒಳಗಿನಿಂದ ಯಾರೋ ಪೆಟ್ಟಿಗೆಗೆ ಟೇಪ್ ಎಳೆಯುವ ಸದ್ದು ಬಂತು.

“ಗೊತ್ತೈತ್ರಿ, ಸರ್. ಅವತ್ತೇ ಹೇಳೀನ್ರಿ.”

ರಘುನಂದನ್ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿದರು.

“ಗೊತ್ತಿದ್ದೂ ಹಿಂಗಾ? ಅಚ್ಛಾ... ಹಂಗಾದ್ರೆ ಇನ್ನೇನಿಲ್ಲ ಬಿಡು.”

ಅವರು ಬುಟ್ಟಿಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಬಾಗಿಲನ್ನು ಮೆಲ್ಲಗೆ ಮುಚ್ಚಿ ಹೊರಟರು. ಕಾರು ವೃತ್ತ ದಾಟುವವರೆಗೂ ಮಹಂತೇಶ್ ಗೇಟು ಹಿಡಿದು ನಿಂತಿದ್ದ.

ಅಂದು ರಘುನಂದನ್ ಮೂರು ಸಲ ಫೋನ್ ಮಾಡಿದ್ದರು ಎಂದು ಅವನು ಕೆಂಪಣ್ಣನವರಿಗೆ ಯಾವತ್ತೂ ಹೇಳಿರಲಿಲ್ಲ.