ಕಾಲು ಸುತ್ತು ಹಿಂದಕ್ಕೆ

ಟಿಣ್ ಎಂದಿತು, ಉಕ್ಕಿನ ತಟ್ಟೆಯ ಮೇಲೆ ಏನೋ ಬಿದ್ದು ಟಿಣ್ — ಫೈಬರ್ ಹಾಗೆ ಸದ್ದು ಮಾಡುವುದಿಲ್ಲ, ಫೈಬರ್ ಬಿದ್ದರೆ ಬೆಂಕಿಕಡ್ಡಿ ಬಿದ್ದ ಹಾಗೆ, ಬಿತ್ತೋ ಇಲ್ಲವೋ ಅನ್ನುವ ಹಾಗೆ, ಇದು ಲೋಹ, ಕುರ್ಚಿಯಲ್ಲಿ ಅಂಗಾತ ಮಲಗಿ, ಕೆನ್ನೆಯೊಳಗೆ ಹತ್ತಿ ತುರುಕಿಸಿಕೊಂಡು, ತುಟಿಯ ಮೂಲೆಗೆ ಎಂಜಲು ಹೀರುವ ಕೊಳವೆ ಸಿಕ್ಕಿಸಿಕೊಂಡು ಬಾಯಿ ತೆರೆದಿದ್ದ ಅವಳಿಗೆ ತಟ್ಟೆ ಕಾಣುತ್ತಿರಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ, ಹಲ್ಲಿನ ಕಾಲೇಜಿನಲ್ಲಿ ವರ್ಷ ವರ್ಷವೂ ಇದೇ ಪಾಠ ಹೇಳಿದವಳ ಕಿವಿ ಅದು, ಲೋಹ, ಅದೂ ತಿರುಪಿನದು, ಮೈ ತುಂಬ ಸುರುಳಿ ಕೊರೆದದ್ದು, ಉರುಳುವಾಗ ಕಿರಕಿರ ಅಂದಿತಲ್ಲ. ಬೆಳಿಗ್ಗೆ ತಾನೇ ಕೈಯಾರೆ, ಹಲ್ಲಿನ ಬೇರಿನೊಳಗೆ ನಿಲ್ಲಿಸುವ ಫೈಬರ್ ಕಂಬದ ಪೊಟ್ಟಣವನ್ನು ನಾದಿನಿಯ ಕೈಗೆ ಕೊಟ್ಟಿದ್ದಳು, ಇದನ್ನೇ ಹಾಕ್ಬೇಕು ಅಂತ ನಿಮ್ಮಣ್ಣಂಗೆ ಇನ್ನೊಂದ್ಸಲ ಹೇಳಮ್ಮಾ, ಆಯ್ತು ಅತ್ತಿಗೆ, ಅಂದಿದ್ದಳು, ನಿನ್ನೆ ಊಟದ ತಟ್ಟೆಯಿಂದ ತಲೆಯೆತ್ತದೆ ಗಂಡನೂ ಆಯ್ತು ಅಂದಿದ್ದ, ಆ ಮನೆಯವರ ಬಾಯಲ್ಲಿ ಆಯ್ತು ಅನ್ನುವುದು ಒಪ್ಪಿಗೆಯಲ್ಲ, ಮುಖಕ್ಕೆ ಬಾಗಿಲು ಹಾಕುವ ಸದ್ದು, ಇಷ್ಟು ವರ್ಷ ಬಾಗಿಲ ಹೊರಗೆ ನಿಂತವಳಿಗೆ ಅದು ಗೊತ್ತಿರಬೇಕಿತ್ತು. ಆಆ, ಅಂದಳು. ಏನಿಲ್ಲ ಏನಿಲ್ಲ, ಅಂದ ಗಂಡ, ದೀಪವನ್ನು ಅವಳ ಕಣ್ಣಿಗೆ ಹೊಡೆಯುವ ಹಾಗೆ ಎಳೆದು, ಅವನ ಕನ್ನಡಕದ ಎರಡು ಗಾಜಿನಲ್ಲೂ ಅವಳ ಬಾಯಿ, ತಲೆಕೆಳಗಾಗಿ, ಎರಡೆರಡು.

ಮೇಲಿನ ಕೋರೆಹಲ್ಲಿನ ಹಿಂದಿನ ಹಲ್ಲು, ಬಡಪಾಯಿ, ನೋಡಲು ದುಂಡಗೆ, ಒಳಗೆ ಬೇರಿನ ಸೊಂಟ ಸಣ್ಣ, ನಿದ್ದೆಯಲ್ಲೂ ಹಲ್ಲು ಕಡಿದೂ ಕಡಿದೂ ಒಂದು ದಿನ ಮೆತ್ತನೆ ಬ್ರೆಡ್ಡು ತಿನ್ನುವಾಗ ಅರ್ಧಕ್ಕೆ ಮುರಿದು ನಾಲಿಗೆ ಮೇಲೆ ಬಂದು ಕೂತಿತು, ಬೇರೆಯವರ ಹತ್ತಿರ ಹೋಗುತ್ತೇನೆ ಅಂದದ್ದಕ್ಕೆ ಹಿತ್ತಲ ಗಿಡ ಮದ್ದಲ್ಲ ಅಂತ ನಿಂಗೆ, ಅಂದ ಅವನು, ಜನ ಏನಂತಾರೆ ಅತ್ತಿಗೆ, ಡಾಕ್ಟ್ರ ಹೆಂಡ್ತಿಯೇ ಬೇರೆ ಡಾಕ್ಟ್ರ ಕುರ್ಚೀಲಿ ಕೂತ್ರೆ ನಮ್ ಕ್ಲಿನಿಕ್ಕಿಗೆ ಯಾರ್ ಬರ್ತಾರೆ, ಅಂದಳು ನಾದಿನಿ, ನಮ್ ಕ್ಲಿನಿಕ್ಕು, ಹೌದು, ಬೋರ್ಡಿನಲ್ಲಿ ಅವಳ ಹೆಸರೂ ಇತ್ತು ಒಂದು ಕಾಲಕ್ಕೆ, ಅವಳ ಪಾಲಿಗೆ ಹಾಲುಹಲ್ಲಿನ ಮಕ್ಕಳು, ಹಲ್ಲು ತೊಳೆಸಿಕೊಳ್ಳುವವರು, ಬೇರಿನ ಕೆಲಸವೆಲ್ಲ ಅವನಿಗೆ, ಸಾಕಾಗಿ ಕಾಲೇಜಿಗೆ ಸೇರಿದಳು, ನೆಂಟರು ತುಂಬಿದ್ದ ಹಜಾರದಲ್ಲಿ ಅವನು ನಗುನಗುತ್ತ, ಇವಳಿಗೆ ಕೈ ನಡುಗುತ್ತೆ, ಅದಕ್ಕೇ ಪಾಠ ಹೇಳ್ಕೊಂಡಿದಾಳೆ, ಅಂದ, ಮರುದಿನ ಕೇಳಿದಳು, ರೀ, ನನ್ನ ಕೈ ಯಾವಾಗ ನಡುಗಿತ್ತು, ಅವರಿಗೆಲ್ಲ ಅದು ಸುಳ್ಳು ಅಂತ ಹೇಳಿಬಿಡಿ, ಹೇಳಿದ್ದು ಹೇಳಿಯಾಯ್ತು, ಅದನ್ನೇನು ವಾಪಸ್ ತಗೊಳ್ಳೋಕಾಗುತ್ತಾ, ಅಂದ — ಇಲ್ಲ, ಆ ಮನುಷ್ಯನಿಗೆ ಮುಂದಕ್ಕೆ ತಿರುಗಿಸುವುದೊಂದೇ ಗೊತ್ತು.

ಬರೆದುಕೊಳ್ಳಿ, ಅನ್ನುತ್ತಾಳೆ ಅವಳು ಹೊಸ ಹುಡುಗಿಯರಿಗೆ, ಸತ್ತ ಹಲ್ಲಿನ ಬೇರಿನೊಳಗೆ ನಿಲ್ಲಿಸುವ ಕಂಬ ಪೋಸ್ಟ್, ಕಂಬದ ತಲೆಯ ಮೇಲೆ ಕಟ್ಟುವ ಗಟ್ಟಿ ಕೋರ್, ಅದರ ಮೇಲೆ ಕ್ಯಾಪ್, ಊರಿಗೆ ಕಾಣುವುದು ಕ್ಯಾಪ್ ಒಂದೇ, ಇಬ್ಬರೂ ಡಾಕ್ಟ್ರು ಎಷ್ಟು ಚೆಂದದ ಜೋಡಿ, ಅನ್ನುತ್ತದೆ ಊರು, ಇನ್ನು ಪೋಸ್ಟುಗಳನ್ನು ವಿಂಗಡಿಸುವುದು ಹೇಗೆ, ಹುಟ್ಟಿನಿಂದ ವಿಂಗಡಿಸಬಹುದು, ಹಲ್ಲಿನ ಅಚ್ಚು ತೆಗೆದು ಎರಕ ಹೊಯ್ದದ್ದು ಒಂದು, ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವುದು ಇನ್ನೊಂದು, ಅತ್ತೆ ಎರಕದ ಜಾತಿ, ಪೋಸ್ಟೂ ಕೋರೂ ಒಂದೇ ತುಂಡು, ಆ ಮನೆಯ ಅಳತೆಗೇ ಹೊಯ್ದವರು, ನಾದಿನಿ ಪೆಟ್ಟಿಗೆಯದು, ಅಣ್ಣ ಎಲ್ಲಿ ತುರುಕಿದರೆ ಅಲ್ಲಿ ಕೂತಳು, ಮದುವೆಯೂ ಬೇಡ ಓದೂ ಬೇಡ, ಅಣ್ಣನ ಪಕ್ಕ ತಟ್ಟೆ ಹಿಡಿದು ನಿಂತರೆ ಸಾಕು, ಪಾಪ ಅನ್ನಬೇಕು, ಅನ್ನಲಾರಳು. ಆಕಾರದಿಂದ ವಿಂಗಡಿಸಬಹುದು, ಉದ್ದಕ್ಕೂ ಒಂದೇ ದಪ್ಪ, ಇಲ್ಲವೇ ಬೆಣೆಯ ಹಾಗೆ ತುದಿ ಚೂಪು, ಬೆಣೆ ಏನು ಮಾಡುತ್ತೆ ಅಂತ ಸೌದೆ ಒಡೆದವರನ್ನು ಕೇಳಿ. ನಡತೆಯಿಂದ, ಸಿಮೆಂಟು ನಂಬಿ ಸುಮ್ಮನೆ ಕೂರುವುದು, ಗೋಡೆಯನ್ನೇ ಕೊರೆದು ಹಿಡಿಯುವುದು. ಮೇಡಂ, ಯಾವುದು ಗಟ್ಟಿ, ಎಂದು ಮುಂದಿನ ಸಾಲಿನ ಉದ್ದ ಜಡೆಯವಳು ಪ್ರತಿವರ್ಷ ಬೇರೆ ಮುಖ ಹೊತ್ತು ಕೇಳುತ್ತಾಳೆ, ಯಾವುದು ಗಟ್ಟಿ ಅಂತ ಕೇಳ್ಬೇಡಮ್ಮಾ, ಸೋತಾಗ ಯಾವುದು ಏನನ್ನ ಹಾಳು ಮಾಡುತ್ತೆ ಅಂತ ಕೇಳು, ಫೈಬರ್ ಹಲ್ಲಿನ ಜೊತೆ ಬಾಗುತ್ತೆ, ಸೋತರೆ ತಾನು ಕಳಚಿ ಬರುತ್ತೆ, ಮತ್ತೆ ಕೂರಿಸಬಹುದು, ತಿರುಪಿನದು ಸೋಲೋದೇ ಇಲ್ಲ, ಬೇರು ಸೀಳುತ್ತೆ, ಸೀಳಿದ ಮೇಲೆ ಹಲ್ಲು ಕಿತ್ತು ಬಿಸಾಡಬೇಕು, ಆಗಲೂ ತಾನು ಸೆಟೆದುಕೊಂಡೇ ಇರುತ್ತೆ. ಹಾಕಲೇಬೇಕಾಗಿ ಬಂದರೆ ಒಂದು ನೆನಪಿಡಿ, ಬಿಗಿ ಆಯಿತು ಅನ್ನಿಸಿದಾಗ ತಿರುಪು ಬಿಗಿಯುವ ಕೀಲಿಯನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಬೇಕು, ಬೇರಿನ ಗೋಡೆ ಉಸಿರು ಬಿಡಲಿ, ಕಾಲು ಸುತ್ತು, ಅಷ್ಟೆ.

ಅವಳ ಅಮ್ಮನ ಹಲ್ಲಿಗೆ ಅವನು ಆ ಕಾಲು ಸುತ್ತು ಕೊಡಲಿಲ್ಲ. ಅವಳು ಪಕ್ಕದಲ್ಲೇ ನಿಂತಿದ್ದಳು, ರೀ, ಸ್ವಲ್ಪ ಹಿಂದಕ್ಕೆ, ಅಂದಳು, ನಿನ್ನ ಕಾಲೇಜನ್ನ ಇಲ್ಲಿಗೆ ತರ್ಬೇಡ, ಬಾಯಿ ಮುಚ್ಕೊಂಡು ನಿಂತ್ಕೋ, ಅಂದ, ಅಮ್ಮನ ಎದುರಿಗೇ, ಅಮ್ಮ ಬಾಯಿ ತೆರೆದುಕೊಂಡೇ ಕಣ್ಣು ಮುಚ್ಚಿದಳು, ಆರು ತಿಂಗಳಿಗೆ ಒಸಡು ಊದಿತು, ಎಕ್ಸ್‌ರೇಯಲ್ಲಿ ಬೇರಿನ ಸುತ್ತ ಕಾಡಿಗೆ ತೀಡಿದ ಹಾಗೆ ಕಪ್ಪು, ಸೀಳಿದೆ ರೀ, ಅಂದಳು, ಅವನು ಎಕ್ಸ್‌ರೇಯನ್ನು ನೋಡದೆ ಅಮ್ಮನನ್ನು ನೋಡಿ, ನೀವೇ ಏನೋ ಗಟ್ಟಿ ಕಡಿದಿರ್ಬೇಕು ಅತ್ತೆ, ಅಂದ, ಅಮ್ಮ, ಮೂರು ತಿಂಗಳಿಂದ ಗಂಜಿ ಕುಡಿಯುತ್ತಿದ್ದ ಅಮ್ಮ, ಹೌದು ಅಳಿಯಂದ್ರೇ ತಪ್ಪು ನಂದೇ, ಅಂದಳು, ಹಲ್ಲು ಕೀಳಿಸಿಕೊಂಡು ಆಟೋದಲ್ಲಿ ಕೂತ ಮೇಲೆ ರಕ್ತದ ಹತ್ತಿಯನ್ನು ಕಚ್ಚಿಕೊಂಡೇ, ಹಲ್ಲು ಕಚ್ಚಿಕೊಂಡಿರು ಮಗಳೇ, ಗಂಡಸರು ಹಾಗೇನೆ, ಅಂದಳು — ಕಚ್ಚಿಕೊಂಡೇ ಇದ್ದೇನಲ್ಲಮ್ಮಾ, ಕಚ್ಚಿ ಕಚ್ಚಿಯೇ ಇದು ಮುರಿದದ್ದು. ಎಂಥ ಮನುಷ್ಯ ಇವನು, ಬೆಳಗಿನಿಂದ ಸಂಜೆ ತನಕ ಊರಿನವರಿಗೆಲ್ಲ ಬಾಯಿ ತೆಗೀರಿ ಬಾಯಿ ತೆಗೀರಿ, ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಬಾಯಿ ಮುಚ್ಚು.

ಬೆರಳುಗಳು ಬಂದವು, ಕೈಗವಸಿನ ರಬ್ಬರ್ ವಾಸನೆ, ಹೆಬ್ಬೆರಳು ತೋರುಬೆರಳಿನ ನಡುವೆ ಪುಟ್ಟ ಹಿತ್ತಾಳೆ ಕೀಲಿ, ಕೀಲಿಯ ತುದಿಯಲ್ಲಿ ಆ ತಿರುಪು, ಕನ್ನಡಕದ ಗಾಜಿನಲ್ಲಿ ಚಿನ್ನದ ಬಣ್ಣದ ಚುಕ್ಕೆ, ಒಳಗೆ ಇಳಿಯುತ್ತಿದೆ, ಕಿರ್, ನೋವಿಲ್ಲ, ಸತ್ತ ಹಲ್ಲಿಗೆ ಎಲ್ಲಿಯ ನೋವು, ಒತ್ತಡ ಮಾತ್ರ, ಮೂಗಿನ ಪಕ್ಕದ ಮೂಳೆಯನ್ನು ಯಾರೋ ಒಳಗಿನಿಂದ ನೂಕಿದ ಹಾಗೆ, ಕಿರ್, ಸಾಕು, ಅಷ್ಟು ಸಾಕು, ಅವಳ ಎಡಗೈ ಎದ್ದಿತು, ನೋವಾದ್ರೆ ಎಡಗೈ ಎತ್ತಿ ಅಂತ ಎಲ್ಲರಿಗೂ ಹೇಳುವವನು ಅವನೇ, ಎದ್ದ ಕೈಯನ್ನು ನಾದಿನಿ ಹಿಡಿದು, ನಯವಾಗಿ, ಮಗುವಿನ ಕೈ ಹಿಡಿದ ಹಾಗೆ ಕುರ್ಚಿಯ ತೋಳಿಗೆ ಒತ್ತಿದಳು, ಮುಗೀತು ಅತ್ತಿಗೆ, ಮುಗೀತು, ಹಾಗಾದರೆ ಇಷ್ಟು ವರ್ಷ ಎದ್ದ ಕೈಗಳನ್ನೆಲ್ಲ ಇವಳು ಹೀಗೇ ಒತ್ತಿದ್ದಳು, ಅಮ್ಮನ ಕೈಯನ್ನೂ, ತಾನು ಕೀಲಿಯನ್ನೇ ನೋಡುತ್ತ ನಿಂತಿದ್ದಾಗ. ಕಾಲು ಸುತ್ತು ಹಿಂದಕ್ಕೆ, ಎಂದಳು, ಹತ್ತಿಯ ನಡುವಿನಿಂದ ಆಆ ಊ ಆಆ ಎಂದು ಬಂತು, ನೋಡೇ, ನಿಮ್ಮತ್ತಿಗೆ ಇಲ್ಲೂ ಪಾಠ ಶುರು ಮಾಡಿದ್ಲು, ಅಂದ ಅವನು, ತಂಗಿ ಕಿಸಕ್ಕೆಂದಳು, ಇನ್ನೊಂದೇ ಸುತ್ತು, ಬೆರಳುಗಳ ಗೆಣ್ಣು ಬಿಳಿಚಿಕೊಂಡು, ಕೀಲಿ ಮುಂದಕ್ಕೆ —

ಅವಳು ಬಾಯಿ ಮುಚ್ಚಿದಳು.

ಅಷ್ಟು ಸಲ ಹೇಳಿಸಿಕೊಂಡ ಕೆಲಸ, ಎಷ್ಟು ಸಲೀಸು, ಹಿಂದಿನ ಹಲ್ಲುಗಳು ಗಟ್ಟಿಯಾಗಿವೆ, ನಡುವೆ ರಬ್ಬರು, ರಬ್ಬರಿನೊಳಗೆ ಅವನ ಬೆರಳು, ಬೆರಳಿನೊಳಗೆ ಮೂಳೆ, ಏ, ಏಯ್, ಬಾಯಿ ತೆಗಿ, ಅಂದ ಅವನು, ಹೆಂಡತಿಗೆ ಆ ಮಾತನ್ನು ಅವನು ಹೇಳಿದ್ದು ಇದೇ ಮೊದಲು, ಅತ್ತಿಗೆ ಅತ್ತಿಗೆ ಬಿಡಿ, ನಾದಿನಿಯ ಹಿಡಿತ ಸಡಿಲಿತು, ತಟ್ಟೆ ನೆಲಕ್ಕೆ ಬಿದ್ದು ಟಿಣ್ ಟಿಣ್ ಟಿಣ್, ತೆಗೀ ಅಂದ್ರೆ, ತೆಗಿ ಮಾರಾಯ್ತಿ, ಅವಳು ಇನ್ನಷ್ಟು ಒತ್ತಲಿಲ್ಲ, ಸಡಿಲಿಸಲೂ ಇಲ್ಲ, ಬಿಡುಗಡೆಯಾದ ಎಡಗೈಯನ್ನು ಎತ್ತಿದಳು, ದೀಪದ ಬೆಳಕಿನಲ್ಲಿ, ಎರಡು ಬೆರಳಲ್ಲಿ ಇಲ್ಲದ ಕೀಲಿಯೊಂದನ್ನು ಹಿಡಿದ ಹಾಗೆ ಹಿಡಿದು ಹಿಂದಕ್ಕೆ ತಿರುಗಿಸಿ ತೋರಿಸಿದಳು, ಹೀಗೆ, ಕೈ ಚೂರೂ ನಡುಗಲಿಲ್ಲ, ಅವನ ಕನ್ನಡಕದೊಳಗೆ ಎರಡೆರಡು ಕೈ, ಎರಡೆರಡು ಮುಚ್ಚಿದ ಬಾಯಿ, ತುಟಿಗಳ ನಡುವೆ ಹೊರಚಾಚಿ ನಿಂತ ಹಿತ್ತಾಳೆಯ ಬಾಲ, ಅವನ ಬೆರಳಿನಲ್ಲಿ ಅದು ಹಿಂದಕ್ಕೆ ಅಲುಗುವುದನ್ನೇ ಅವಳು ನೋಡುತ್ತ, ಕಾಲು ಸುತ್ತು, ಹಿಂದಕ್ಕೆ, ಕೀಲಿ, ಹಿತ್ತಾಳೆ ಕೀಲಿ, ಕೀಲಿ